ಭಾಷಾವಾರು

ಹಗಲು ಉಪ್ಪಳದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತೇನೆ,
ರಾತ್ರಿ ಪ್ಯಾಕೇಜು.
ಎರಡಕ್ಕೂ ಬೇಕಾದ್ದು ಸೊಂಟ ನೋಯದ ಒಂದು ಕುರ್ಚಿ.
ಎರಡೂ ಕಡೆ ಇಲ್ಲ.

ಮೂವತ್ತೆಂಟು ಸಾವಿರ ಪ್ಯಾಕೇಜುಗಳ ರಾಶಿಯನ್ನು
ಭಾಷಾವಾರು ಬೇರೆ ಮಾಡಬೇಕೆಂದು ತೀರ್ಮಾನವಾಯಿತು.
ಎಲ್ಲೆಲ್ಲೋ ಕುಳಿತ ಏಳು ಜನ ಕೈಯೆತ್ತಿದರು,
ನಾನೂ ಎತ್ತಿದೆ.
ಭಾಷಾವಾರು ಎಂದರೆ ನಮ್ಮ ಕಡೆಯ ಹಿರಿಯರು
ಈಗಲೂ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.

ಸಿ-ಯಲ್ಲಿ ಬರೆದದ್ದು ಸಿ-ಗೆ,
ಪೈಥಾನಿನದು ಪೈಥಾನಿಗೆ.
ಪೆರ್ಲ್ ಎಂದು ಬೆರಳೊತ್ತಿದಾಗಲೆಲ್ಲ
ಬದಿಯಡ್ಕ ದಾಟಿ ಪೆರ್ಲಕ್ಕೆ ಹೋಗುವ ಬಸ್ಸು ಕಣ್ಣಿಗೆ ಬರುತ್ತದೆ,
ಬೋರ್ಡಿನ ಮೇಲೆ ಮಲಯಾಳ, ಕೆಳಗೆ ಕನ್ನಡ,
ಕಂಡಕ್ಟರನ ಬಾಯಲ್ಲಿ ತುಳು.
ಬಸ್ಸು ಯಾವ ಭಾಷೆಯದು ಮಾರಾಯ?
ಡೀಸೆಲಿನದು, ಎಂದ ಸಫ್ವಾನ್.

ನಿಯಮ ಸರಳ ಉಂಟು: ಒಂದು ಪ್ಯಾಕೇಜಿಗೆ ಒಂದೇ ಕಪಾಟು.
ಬಿಚ್ಚಿ ನೋಡಿದರೆ
ಪೈಥಾನಿನ ಹೊಟ್ಟೆಯೊಳಗೆ ಸಿ,
ಸಿ-ಯ ಮಡಿಲಲ್ಲಿ ಯಾರದೋ ನಾಲ್ಕು ಸಾಲು ಶೆಲ್,
ಕಟ್ಟುವಾಗ ಮಾತ್ರ ಬೇಕೆಂದು ಕರೆಸಿದ ಪೆರ್ಲ್
ಮದುವೆ ಅಡುಗೆಗೆ ಬಂದವನ ಹಾಗೆ
ಊಟ ಮುಗಿದರೂ ಚಪ್ಪರದಲ್ಲೇ ಮಲಗಿ ಉಂಟು.

ನಮ್ಮ ಮನೆಯನ್ನು ಬಿಚ್ಚಿದ್ದರೂ ಅಷ್ಟೇ.
ಅಬ್ಬಾ ಲೆಕ್ಕ ಕೂಡುವುದು ಉರ್ದುವಿನಲ್ಲಿ,
ಉಮ್ಮ ಬೈಯುವುದು ಬ್ಯಾರಿಯಲ್ಲಿ,
ಮೀನಿಗೆ ಮಾತ್ರ ಇಬ್ಬರೂ ತುಳು;
ತುಳುವಿನಲ್ಲಿ ಚೌಕಾಸಿ ಮಾಡಿದರೆ ಎರಡು ಬೂತಾಯಿ ಹೆಚ್ಚು.
ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ
‘ಮಾತೃಭಾಷೆ’ ಎಂಬುದರ ಮುಂದೆ
ಕೊರಗಪ್ಪ ಮಾಷ್ಟ್ರು ಪೆನ್ನು ಎತ್ತಿ ಹಿಡಿದು ಕಾದರು.
ಉಮ್ಮ ಅಬ್ಬಾನನ್ನು ನೋಡಿದಳು, ಅಬ್ಬಾ ಬಾಗಿಲನ್ನು.
ಖಾಲಿ ಜಾಗ ಬೆರಳುದ್ದ.
ಮಾಷ್ಟ್ರು ‘ಕನ್ನಡ’ ಎಂದು ಬರೆದರು. ಹಿಡಿಸಿತು.
ಆ ಮೂರಕ್ಷರದೊಳಗೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ.

ಮೂರನೇ ವಾರ ಬಂತು, ಕಾಗುಣಿತ ತಿದ್ದುವ ಪ್ಯಾಕೇಜು.
ಬರೆದದ್ದು ಸಿ ಪ್ಲಸ್ ಪ್ಲಸ್, ತಿದ್ದುವುದು ಕನ್ನಡ.
ಪರೀಕ್ಷೆಗೆಂದು ಬಾಯಿಗೆ ಬಂದ ಹೆಸರು ಹೊಡೆದೆ.
ಕುಂಞಂಬು. ಕೆಂಪು ಗೆರೆ.
ಬೀಫಾತಿಮ. ಕೆಂಪು ಗೆರೆ.
ಐತ್ತಪ್ಪ, ಪೈವಳಿಕೆ, ಕೆಂಪು, ಕೆಂಪು.
ಹೊಸಂಗಡಿಯನ್ನು ಹೊಸ ಅಂಗಡಿ ಮಾಡಲು ಹೊರಟಿತು.
ಉಪ್ಪಳವನ್ನು
ಹಪ್ಪಳ ಮಾಡಿತು.

ಅಂಚೆಯಲ್ಲಿ ಈ ರಗಳೆ ಇಲ್ಲ.
‘ಗೇಟಿನ ಬದಿಯ ದರ್ಜಿಗೆ’ ಎಂದಷ್ಟೇ ಉರ್ದುವಿನಲ್ಲಿ ಬಂದ ಕಾಗದ,
ನಾನು ಓದಿ ಹೇಳುವ ಮೊದಲೇ
ಅಂಬಾಡಿ ಮಣಿಯಾಣಿ ಕೊಟ್ಟು ಬಂದಾಗಿತ್ತು.
ಉರ್ದುವಿನ ಒಂದಕ್ಷರ ಬಾರದವ.
ಹೋದ ರಂಜಾನಿಗೂ ಇದೇ ನೀಲಿ ಶಾಯಿ, ಎಂದ.

ಹನ್ನೊಂದರ ರೈಲು ಹೋದ ಮೇಲೆ
ಪದಪಟ್ಟಿ ತೆರೆದು ಹದಿನಾಲ್ಕು ಹೆಸರು ಸೇರಿಸಿದೆ,
ಕೊನೆಯದು ಉಮ್ಮನದು.
ಉಪ್ಪಳದ ಕೆಳಗಿನ ಗೆರೆ ಹೋಯಿತು.
ಆವೃತ್ತಿಯ ಕೊನೆಯ ಅಂಕೆ ಒಂದಿದ್ದದ್ದು ಎರಡಾಯಿತು.
ಪ್ಯಾಕೇಜು ಇನ್ನೂ ಕಪಾಟಿನ ಹೊರಗೇ ಉಂಟು,
ಮಳೆಗೆ ನಿಂತ ಹುಡುಗನ ಹಾಗೆ, ಇತ್ತ ಜಗಲಿಯೂ ಅಲ್ಲ, ಅಂಗಳವೂ ಅಲ್ಲ.

ಯಾಕಿಷ್ಟು ತಡ ಎಂದು ಆ ಏಳು ಜನರಲ್ಲೊಬ್ಬ
ಇಂಗ್ಲಿಷಿನಲ್ಲಿ ಕೇಳಿದ್ದಾನೆ.
ಉತ್ತರ ಹೊಡೆಯುತ್ತಿದ್ದೇನೆ,
ಕೀಲಿಮಣೆ ಈಗ ಯಾವ ಭಾಷೆಗೆ ತಿರುಗಿ ಉಂಟೋ
ನೋಡದೆ.