ಏಳು-ಹದಿನಾರರ ಸಾಕೆಟ್ಟು

ವಿಚಿಟಾದ ಈ ಕಾಲೇಜು ಹ್ಯಾಂಗರಿನ ಸೆಸ್ನಾ
ಹಾರುವುದಿಲ್ಲ. ಇಪ್ಪತ್ತಾರು ವರ್ಷದಿಂದ
ಒಂದು ಬ್ಯಾಚು ಬಿಚ್ಚುತ್ತದೆ, ಇನ್ನೊಂದು ಕಟ್ಟುತ್ತದೆ;
ತಿರುಗಿಸಿ ತಿರುಗಿಸಿ ನಟ್ಟುಗಳ ಮೂಲೆಯೇ ಸವೆದಿದೆ.

ರಾತ್ರಿ ಹತ್ತು. ಗೋಡೆಯ ಹಲಗೆಯಲ್ಲಿ
ಒಂದೊಂದು ಸಲಕರಣೆಗೂ ಅದರದೇ ಕಪ್ಪು ನೆರಳು ಬಳಿದಿದೆ.
ಒಂದು ನೆರಳು ಮಾತ್ರ ಖಾಲಿ.
"ಯಾರೂ ಮನೆಗಿಲ್ಲ," ಅಂದರು ಪ್ರುಯಿಟ್ ಮೇಷ್ಟ್ರು,
ಕುರ್ಚಿ ಎಳೆದು ಬಾಗಿಲಿಗೇ ಅಡ್ಡ ಕೂತು.

ತಡಕಿದೆವು. ರೆಕ್ಕೆಯ ಹೊಟ್ಟೆ, ಎಣ್ಣೆಯ ತಟ್ಟೆ,
ಡ್ವೇನ್‌ನ ಬೂಟು ಕೂಡ.
"ಹಾರದ ವಿಮಾನಕ್ಕೆ ಇಷ್ಟೊಂದಾ?" ಅಂದ ಅವನು,
ಒಂದೇ ಕಾಲಲ್ಲಿ ನಿಂತು.
ನನಗೆ ನಾಲ್ಕಕ್ಕೆ ಬೇಕರಿಯ ಪಾಳಿ;
ಹಿಟ್ಟಿನ ಏಪ್ರನ್ನು ಕಾರಿನಲ್ಲೇ ಇತ್ತು.

ಹನ್ನೊಂದೂವರೆಗೆ ಸಿಕ್ಕಿತು,
ನನ್ನದೇ ಅಂಗಿತೋಳಿನ ಮಡಿಕೆಯಲ್ಲಿ,
ಮೈಕಾವಿಗೆ ಮೊಟ್ಟೆಯಂತೆ ಬೆಚ್ಚಗಾಗಿ.
ನೆಲದಲ್ಲಿತ್ತು ಅನ್ನಬಹುದಿತ್ತು.
ನಾಲಿಗೆಯ ತುದಿಗೆ ಬಂದೂ ಇತ್ತು.

ಮೇಷ್ಟ್ರು ಬೈಯಲಿಲ್ಲ. ದಾಖಲೆ ಪುಸ್ತಕ ತಳ್ಳಿದರು:
"ಎಲ್ಲಿ ಸಿಕ್ಕಿತು, ಬರಿ. ಕೆಳಗೆ ಹೆಸರು."

ಎಡತೋಳು, ಬರೆದೆ.
ಡಿಯೆಪ್ ಥಿ ಹಾ.
ಬಾಡಿಗೆ ಕರಾರಿಗೆ, ಬ್ಯಾಂಕಿಗೆ, ಪೌರತ್ವದ ಅರ್ಜಿಗೆ
ಗೀಚಿದ್ದ ಅದೇ ಹೆಸರು.
ಈ ಸಲ ಅದರ ಪಕ್ಕ
ಹೆಬ್ಬೆಟ್ಟಿನ ಗ್ರೀಸೂ ಮೂಡಿತ್ತು.