ಅಲ್ಪಪ್ರಾಣ

ಡ್ರಾಯಿಂಗ್ ಶೀಟಿನ ಮೇಲೆ ಪೆನ್ಸಿಲ್ ಗೆರೆ ಎಳೆದು
ದಿವಾಕರ ಶೇರಿಗಾರರು ತಲೆಯೆತ್ತಿ ಕೇಳಿದರು:
‘ಖಾಯಂ ಮಾಡಿ’ ಅಂತಲೋ, ‘ಕಾಯಂ ಮಾಡಿ’ ಅಂತಲೋ?
ಮಣಿಪಾಲದ ಡಿಸಿ ಕಚೇರಿಯೆದುರು ಹನ್ನೊಂದರ ಬಿಸಿಲು,
ಶಾಮಿಯಾನದ ಬಾಡಿಗೆ ಇನ್ನೂ ಒಟ್ಟಾಗಿರಲಿಲ್ಲ.
ಕನ್ನಡ ಎಂ.ಎ., ಹದಿನಾರು ವರ್ಷದ ಅತಿಥಿ,
ಉತ್ತರವನ್ನೂ ತಾವೇ ಹೇಳಿಕೊಂಡರು:
ಅಲ್ಪಪ್ರಾಣ ಸಾಕು ಬಿಡಿ ಮೇಡಂ,
ನಮ್ಮಲ್ಲಿ ಇರುವುದೂ ಅಷ್ಟೇ.

ನಕ್ಕೆವು. ಕಾವಲಿಗೆ ಬಂದ ಪೊಲೀಸ್ ಹುಡುಗ,
ನನ್ನ ಹಳೆಯ ವಿದ್ಯಾರ್ಥಿ, ಅವನೂ ನಕ್ಕು
ಆಮೇಲೆ ಬೇರೆ ಕಡೆ ನೋಡಿದ.

ನನ್ನ ಹೆಸರು ಸುಗಂಧಿ ತಿಂಗಳಾಯ.
ಹೆಸರಿನಲ್ಲಿರುವ ತಿಂಗಳು ಸಂಬಳದಲ್ಲಿಲ್ಲ.
ಬಂದರೆ ಮೂರರದ್ದು ಒಟ್ಟಿಗೆ, ಅಷ್ಟರಲ್ಲಿ
ಮಲ್ಪೆಯ ಸೊಸೈಟಿಯಲ್ಲಿ ಅಡವಿಟ್ಟ ಬಳೆಯ ಬಡ್ಡಿ
ನನಗಿಂತ ಸೀನಿಯರ್ ಆಗಿರುತ್ತದೆ.
ಹನ್ನೆರಡು ವರ್ಷ, ಅರ್ಥಶಾಸ್ತ್ರ.
ಸ್ಟಾಫ್ ರೂಮಿನ ಹಲಗೆಯಲ್ಲಿ ಪೇಂಟಿನ ಹೆಸರುಗಳ ಕೆಳಗೆ
ನಾವು ಐವರು, ಚಾಕ್‌ಪೀಸಿನಲ್ಲಿ.
ಗುಡಿಸುವ ಅಪ್ಪಿಯಕ್ಕ ವರ್ಷಕ್ಕೊಮ್ಮೆ
ಒದ್ದೆ ಬಟ್ಟೆ ಹಿಡಿದು ನಿಂತು ‘ಒರೆಸಲಾ?’ ಎನ್ನುತ್ತಾಳೆ.
ಅವಳದ್ದು ಹೊರಗುತ್ತಿಗೆ.
ಅವಳ ಹೆಸರು ಹಲಗೆ ಹತ್ತಿದ್ದೇ ಇಲ್ಲ.

ಜೂನ್ ಜುಲೈಗೆ ಬೋಟುಗಳೂ ಕಟ್ಟಿಹಾಕಿ ನಿಲ್ಲುತ್ತವೆ.
ಆದರೆ ಬಂದರಿನಲ್ಲಿ ಅವಕ್ಕೆ ಬಣ್ಣ ಹೊಡೆಯುತ್ತಾರೆ,
ಬಲೆಯ ಹರಿದ ಕಣ್ಣುಗಳನ್ನು ಕೂತು ಹೆಣೆಯುತ್ತಾರೆ.
ಯಾವ ಬೋಟಿಗೂ ಯಾರೂ ಹೇಳುವುದಿಲ್ಲ,
ಹೊಸದಾಗಿ ಅರ್ಜಿ ಹಾಕು, ಮೂಲ ದಾಖಲೆ ತಾ,
ಎಲ್ಲಿಂದಲೋ ಒಬ್ಬರು ವರ್ಗವಾಗಿ ಬಂದಿದ್ದಾರೆ,
ಇನ್ನು ನಿನ್ನ ಕಾರ್ಯಭಾರ ಸೊನ್ನೆ, ಎಂದು.

ಕಾರ್ಯಭಾರ. ಎಂಥ ಪದ.
ಭಾರ ಇಳಿಸಿದರೆ ಕುಸಿದು ಬೀಳುವವರು
ಲೋಕದಲ್ಲಿ ನಾವೇ ಇರಬೇಕು.

ಮೊನ್ನೆ ಕೂಲಿಯ ಸಿದ್ಧಾಂತಗಳು, ಮೂರನೇ ಅವಧಿ.
ಜೀವ ಹಿಡಿದಿಡುವಷ್ಟೇ ಕೂಲಿ ಎಂದವರು,
ಕೊನೆಯ ಆಳು ಕೂಡಿಸಿದಷ್ಟು ಎಂದವರು,
ಚೌಕಾಸಿಯಲ್ಲಿ ದಕ್ಕಿದಷ್ಟು ಎಂದವರು,
ಬೋರ್ಡು ತುಂಬಿತು. ಹಿಂದಿನ ಬೆಂಚಿನಿಂದ ನೌಶೀನ್,
ತಮಾಷೆಗಲ್ಲ, ತಿಳಿಯಬೇಕೆಂದೇ ಕೇಳಿದಳು:
ಮೇಡಂ, ನಿಮಗೆ ಕೊಡುವುದು ಇದರಲ್ಲಿ ಯಾವುದು?
ಡಸ್ಟರ್ ಹುಡುಕಿದೆ.
ಅದು ಕೈಯಲ್ಲೇ ಇತ್ತು.

ಧರಣಿ ಮುಗಿದ ಸಂಜೆ ಆ ಶೀಟನ್ನು ಸುರುಳಿ ಸುತ್ತಿ
ಸಿಟಿ ಬಸ್ಸಿನಲ್ಲಿ ಮನೆಗೆ ತಂದೆ.
ಅಮ್ಮ ಮಾರ್ಕೆಟಿನಿಂದ ಬಂದು ಕಾಲು ತೊಳೆಯುತ್ತಿದ್ದಳು.
‘ಸಂಬಳ ಬತ್ತ್ಂಡಾ ಮಗಾ?’
ಇಲ್ಲ.
‘ಉಂದು ದಾದ?’ ಬಿಡಿಸಿ ತೋರಿಸಿದೆ.
ಅಮ್ಮನಿಗೆ ಅಕ್ಷರ ಬಾರದು, ಲೆಕ್ಕವೆಲ್ಲ ಬಾಯಲ್ಲಿ.
ಕಾಯಂ ಎಂಬುದನ್ನು ತುಳುವಿಗೆ ತರಲು ಹೋಗಿ
‘ಏಪಲಾ’ ಎಂದೆ. ಯಾವಾಗಲೂ.
ಅಮ್ಮ ಶೀಟನ್ನು ನೋಡಿದಳು, ನನ್ನನ್ನು ನೋಡಿದಳು.
ಬುಟ್ಟಿಗೆ ಅವರು ಕೈ ಹಾಕುವ ಮೊದಲೇ
ನೀನು ರೇಟು ಹೇಳಲಿಲ್ಲವಾ?
ನಲವತ್ತು ವರ್ಷ ಬಂಗುಡೆ ಮಾರಿದವಳು
ಅಷ್ಟು ಕೇಳಿ, ಗಸಿಗೆ ಹುಳಿ ನೆನೆಹಾಕಲು ಒಳಗೆ ಹೋದಳು.

ರಾತ್ರಿ ಹತ್ತಕ್ಕೆ ವಾಟ್ಸಾಪ್, ವಿಭಾಗದ ಮುಖ್ಯಸ್ಥರು:
‘ನಾಳೆ ನಾನು ರಜೆ. ನನ್ನ ಎರಡು ಕ್ಲಾಸು ನೋಡಿಕೊಳ್ಳಿ.’
‘ಸರಿ ಸರ್’ ಎಂದು ಬೆರಳು ತಾನೇ ಬರೆದಿತ್ತು,
ಹನ್ನೆರಡು ವರ್ಷದ ಅಭ್ಯಾಸ.
ಅಳಿಸಿದೆ.
‘ಗಂಟೆಯ ಲೆಕ್ಕಕ್ಕೆ ಸೇರುತ್ತದಾ ಸರ್?’

ಎರಡು ನೀಲಿ ಗೆರೆ.
ಮೇಲೆ ‘ಟೈಪಿಂಗ್’ ಎಂದು ಬಂತು, ಹೋಯಿತು,
ಮತ್ತೆ ಬಂತು.
ಒಳಗಿನಿಂದ ಅಮ್ಮ, ದೀಪ ಆರಿಸು ಎಂದಳು.
ಸ್ವಲ್ಪ ಇರು ಎಂದೆ.