ಪಾಸು

ಪೇಪರ್ ಒದ್ದೆಯಾಗ್ತದೆ ಮಾಸ್ತರೇ, ಆಚೆ ಹಿಡೀರಿ.
ಎಂತ ಅಂದ್ರಿ? ಇನ್ನೊಂದು ಸಲ ಓದಿ.
ಹೊಸಾ ಪ್ರಧಾನಿ ದೊಡ್ಡ ಬಂಗ್ಲೆಗೆ ಹೋಗೂದಿಲ್ಲಂತೆ,
ದಿಲ್ಲಿಯಲ್ಲೇ ಯಾವ್ದೋ ಓಣಿ, ಎರಡು ಕೋಣೆ,
ಅಲ್ಲೇ ಇರ್ತ್ನಂತೆ.
ಅದಕ್ಕೆ ನಿಮ್ಮ ಕಣ್ಣಲ್ಲಿ ನೀರು.

ಇಸ್ವಾಣದ ತಲೆ ಮನೆಗಾ, ಬೆಕ್ಕಿಗಾ?
ಬೆಕ್ಕಿಗಾದ್ರೆ ಬೇರೆ ಕಟ್ತೆ.

ಒಳ್ಳೇ ಮನುಷ್ಯನೇ ಇರಬೇಕು, ಇಲ್ಲ ಅನ್ನೂದಿಲ್ಲ ನಾನು.
ಆದ್ರೆ ಆ ಓಣಿಯವರನ್ನ ಯಾರು ಕೇಳಿದ್ರು?
ಎದುರುಮನೆಯಾಕೆ ಮಾಳಿಗೆ ಮೇಲೆ ಹಪ್ಪಳ ಒಣಗ್ಸೂದು,
ನಾಳೆಯಿಂದ ಅಲ್ಲಿ ಬಂದೂಕಿನ ಹುಡುಗ ನಿಲ್ತ.
ತರಕಾರಿ ಗಾಡಿ ಒಳಗೆ ಬರೂಕಿಲ್ಲ.
ಟ್ಯೂಷನ್ ಮುಗಿಸಿ ಬಂದ ಹುಡುಗಿ
ತನ್ನ ಮನೆ ಮೆಟ್ಲು ಹತ್ತೂಕೆ ಕಾರ್ಡ್ ತೋರಿಸಬೇಕು.
ಮದುವೆ ಚಪ್ಪರಕ್ಕೆ ಅರ್ಜಿ,
ಹೆಣ ಎತ್ತೂಕೆ ಅರ್ಜಿ,
ಅಳಿಯ ಬಂದ್ರೆ ಅಳಿಯನ ಹೆಸರಿಗೊಂದು.
ಒಬ್ಬನ ಎರಡು ಕೋಣೆಗೆ
ಇಡೀ ಓಣಿ ಬಾಡಿಗೆ ಕಟ್ಟೂದು, ಮಾಸ್ತರೇ.

ನಿಂಗೆ ಹೇಗೆ ಗೊತ್ತು ಅಂತೀರಾ?
ನಾನು ಅರ್ಗಾದವಳು.

ನೌಕಾನೆಲೆಗೆ ಅಂತ ಸರಪಳಿ ಹಿಡ್ಕಂಡು ಬಂದ್ರಲ್ಲ,
ನಮ್ಮ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ
ನೂರಾ ಹನ್ನೆರಡು ಅಂತ ಬರೆದ್ರು.
ದೇಶಕ್ಕೆ ಬೇಕು ಅಂದ್ರು.
ದೇಶಕ್ಕೆ ಬೇಕು ಅಂದ್ರೆ ಎಂತ ಹೇಳೂದು?
ತೆಂಗು ಏಳಿತ್ತು, ಆರು ಎಣಿಸಿದ್ರು.
ಏಳನೇದು ಬಾಗಿ ಹಳ್ಳದ ಮೇಲಿತ್ತು,
ಅದು ಮೊದಲೇ ಸರ್ಕಾರದ್ದು ಅಂದ ಗುಮಾಸ್ತ.
ನನ್ನತ್ತೆ ತುಳಸು ಅಳಲಿಲ್ಲ, ಬೈಯಲೂ ಇಲ್ಲ.
ಹಲಸಿನ ಬಾಗಿಲು ಕಿತ್ತು ತಲೆ ಮೇಲಿಟ್ಟು ತಂದ್ರು.
ಕಾಲೊನಿಯ ಚೌಕಟ್ಟು ಎರಡು ಬೆರಳು ಸಣ್ಣ.
ಆಚಾರಿ ಕೆತ್ತಿ ಕೆತ್ತಿ ಕೂರಿಸಿದ.
ಆ ಚಕ್ಕೆ ಒಲೆಗೆ ಹಾಕೂಕೆ ಬಿಡಲಿಲ್ಲ ಅತ್ತೆ,
ಸಾಯೂವರೆಗೂ ಡಬ್ಬಿಯಲ್ಲಿತ್ತು.

ಹೌದು, ಹೌದು, ಖರ್ಚು. ನೀವು ಹೇಳೂದೂ ಖರೆ.
ಅಷ್ಟು ದೊಡ್ಡ ಮನೆಯಲ್ಲಿ ಕೂತವನಿಗೆ
ಬಂಗಡೆ ರೇಟು ಮರೆತು ಹೋಗ್ತದೆ.
ಸಣ್ಣ ಮನೆಯಲ್ಲಿ ಕೂತ್ರೆ ನೆನಪಿರ್ತದಾ?
ಅದು ನಂಗೊತ್ತಿಲ್ಲ.

ನಾನು ಕಂಡ ದೊಡ್ಡ ಮನೆ ಒಂದೇ,
ಕಾರವಾರದ ಈ ಕಲೆಕ್ಟರ್ ಬಂಗ್ಲೆ.
ಹಿಂದಿನ ಬಾಗಿಲಲ್ಲಿ ಹನ್ನೊಂದು ಕಲೆಕ್ಟರಿಗೆ ಮೀನು ಕೊಟ್ಟೆ.
ಇಬ್ಬರು ತಿನ್ನೂದಿಲ್ಲ, ಅವರ ನಾಯಿಗೆ ಕೊಟ್ಟೆ.
ಒಬ್ಬ ಅಮ್ಮ ಹೋಗುವಾಗ
ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಜಾಡಿ
ಮುಂದೆ ಬರೂರಿಗೆ ಅಂತ ಬಿಟ್ಟು ಹೋದ್ರು.
ಮುಂದೆ ಬಂದವರು ಮೂಸಿ ನೋಡಿ ನಂಗೆ ಕೊಟ್ರು.
ಆ ಮಳೆಗಾಲ ಪೂರ್ತಿ ಗಂಜಿಗೆ ಅದೇ.
ಆ ಮನೆಗೆ ಒಂದು ಗುಣ ಉಂಟು,
ಅದು ಯಾರದ್ದೂ ಅಲ್ಲ.
ಮೊಳೆ ಹೊಡಿಯೂಕೂ ಕೇಳಬೇಕು.
ಪೆಟ್ಟಿಗೆ ಪೂರ್ತಿ ಬಿಚ್ಚಿದವರನ್ನ ಕಾಣೆ.

ಅವನೂ ಅಂಥಾ ಮನೆಯಲ್ಲೇ ಇರಲಿ.
ತನ್ನದಲ್ಲ ಅಂತ ದಿನಾ ಬೆಳಿಗ್ಗೆ
ನಲ್ಲಿ ತಿರುಗಿಸುವಾಗ ಗೊತ್ತಾಗಲಿ.
ತನ್ನ ಮನೆಯಲ್ಲೇ ಕೂತು ಆಳಿದವನಿಗೆ
ಏಳು ಅನ್ನೂದು ಹೇಗೆ, ನೀವೇ ಹೇಳಿ?

ಅರ್ಗಾಕ್ಕೆ ಈಗಲೂ ಹೋಗ್ತೆ, ವರ್ಷಕ್ಕೊಮ್ಮೆ.
ಜಟಗನಿಗೆ ಕಾಯಿ ಒಡೆಯೂಕೆ ಪಾಸು ಕೊಡ್ತಾರೆ.
ಮೇಲೆ ನನ್ನ ಫೋಟೋ, ಕೆಳಗೆ ಸಂದರ್ಶಕರು ಅಂತ ಸಿಕ್ಕೆ.
ನಮ್ಮ ಮನೆ ಪಂಚಾಂಗ ಹಾಗೇ ಉಂಟು,
ಅದರ ಮೇಲೊಂದು ನೀರಿನ ಟಾಕಿ.
ಗೇಟಿನ ಹುಡುಗ ಯಾವ್ದೋ ದೂರದೂರಿನವ,
ಬಿಸಿಲಲ್ಲಿ ನಿಂತು ನಿಂತು ಮೂಗು ಸುಲಿದಿತ್ತು.
ಫೋಟೋ ನೋಡ್ತ, ನನ್ನ ನೋಡ್ತ,
ರಿಜಿಸ್ಟರ್ ತೆಗೆದು ಹರಕು ಕನ್ನಡದಲ್ಲಿ ಕೇಳ್ತ,
ಅಜ್ಜೀ, ಒಳಗೆ ಎಷ್ಟು ಹೊತ್ತು ಇರೂದು?

ಮುನ್ನೂರ ಇಪ್ಪತ್ತು.
ಚಿಲ್ರೆ ಇದ್ರೆ ಕೊಡಿ.